ಡಿಸ್ಕ್ ಗಾಲ್ಫ್ ಬೆನ್ನುಚೀಲ: ಬೆಂಗಳೂರಿನ ಆಟಗಾರರಿಗೆ ಯಾವುದು ಒಗ್ಗುತ್ತದೆ?

ಡಿಸ್ಕ್ ಗಾಲ್ಫ್ ಎಂದರೆ ತಟ್ಟೆಯಂಥ ಡಿಸ್ಕ್‌ಗಳನ್ನು ಎಸೆದು, ಆದಷ್ಟು ಕಡಿಮೆ ಎಸೆತಗಳಲ್ಲಿ ದೂರದ ಬುಟ್ಟಿಗೆ ಬೀಳಿಸುವ ಆಟ. ಇದನ್ನು ಆಡುವವರು ಚೀಲ ಕೊಳ್ಳಲು ಹೊರಟಾಗ ಮೊಟ್ಟಮೊದಲು ವಿಚಾರಿಸುವುದು ಅದರಲ್ಲಿ ಎಷ್ಟು ಡಿಸ್ಕ್ ಹಿಡಿಸುತ್ತದೆ ಎಂಬುದನ್ನು. ತಯಾರಕರೂ ಆ ಸಂಖ್ಯೆಯನ್ನೇ ದೊಡ್ಡದಾಗಿ ಹಾಕುತ್ತಾರೆ. ಮೂರು ಚೀಲಗಳನ್ನು ಬದಲಾಯಿಸಿದ ಮೇಲೆ ನನಗೆ ಮನವರಿಕೆಯಾದ ಸಂಗತಿಯೆಂದರೆ, ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ: ಒಂದು ಬೆಳಿಗ್ಗೆ ಈ ಚೀಲವನ್ನು ಎಷ್ಟು ಸಲ ಇಳಿಸಿ ಎತ್ತಬೇಕು, ಮತ್ತು ಮನೆಯಿಂದ ಮೈದಾನದವರೆಗೆ ಅದು ಹೇಗೆ ಹೋಗುತ್ತದೆ?

ಮೊದಲನೆಯದಕ್ಕೆ ಲೆಕ್ಕ ಸುಲಭ. 18 ಬುಟ್ಟಿಗಳ ಒಂದು ಸುತ್ತಿನಲ್ಲಿ ಪ್ರತಿ ಬುಟ್ಟಿಗೂ ಪಾರ್ (ನಿರೀಕ್ಷಿತ ಎಸೆತಗಳ ಸಂಖ್ಯೆ) ಮೂರು ಎಂದಿಟ್ಟುಕೊಂಡರೆ 54 ಎಸೆತಗಳಾಗುತ್ತವೆ. ಬುಟ್ಟಿಯ ಬುಡದಲ್ಲಿ ಹಾಕುವ ಚಿಕ್ಕ ಎಸೆತಗಳನ್ನು ಬಿಟ್ಟರೂ ಚೀಲ 40 ಸಲಕ್ಕಿಂತ ಹೆಚ್ಚು ಬೆನ್ನಿನಿಂದ ಇಳಿದು ಮತ್ತೆ ಬೆನ್ನೇರುತ್ತದೆ. ಚಾರಣಕ್ಕೆ ಹೋಗುವವರು ಇಡೀ ದಿನದಲ್ಲಿ ನಾಲ್ಕೈದು ಸಲ ಚೀಲ ಇಳಿಸುತ್ತಾರೆ. ಆದ್ದರಿಂದಲೇ ಚಾರಣಕ್ಕೆ ಅತ್ಯುತ್ತಮವಾದ ಚೀಲ ಈ ಆಟಕ್ಕೆ ತಾನಾಗಿಯೇ ಉತ್ತಮವಾಗುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಅಮೆರಿಕದಲ್ಲೋ ಫಿನ್ಲೆಂಡಿನಲ್ಲೋ ಆಟಗಾರರು ಸಾಮಾನ್ಯವಾಗಿ ಕಾರಿನ ಡಿಕ್ಕಿಯಿಂದ ಚೀಲವನ್ನು ತೆಗೆದು ನೇರವಾಗಿ ಮೊದಲ ಟೀ, ಅಂದರೆ ಎಸೆತ ಆರಂಭಿಸುವ ಜಾಗದ ಬಳಿಗೆ ನಡೆಯುತ್ತಾರೆ. ಬೆಂಗಳೂರಿನಲ್ಲಿ ನಮ್ಮ ಚೀಲ ಮೈದಾನದಲ್ಲಿ ಕಳೆಯುವಷ್ಟೇ ಹೊತ್ತನ್ನು ಸ್ಕೂಟರಿನ ಮೇಲೆ, ಮೆಟ್ರೋ ಡಬ್ಬಿಯಲ್ಲಿ, ಮೇಲ್ಸೇತುವೆಯ ಮೆಟ್ಟಿಲುಗಳಲ್ಲಿ ಕಳೆಯುತ್ತದೆ. ಇಂಗ್ಲಿಷಿನ ವಿಮರ್ಶೆಗಳಲ್ಲಿ ಈ ಅರ್ಧ ಭಾಗದ ಪ್ರಸ್ತಾಪವೇ ಇರುವುದಿಲ್ಲ. ಅದನ್ನು ತುಂಬಿಕೊಡುವುದಕ್ಕಾಗಿಯೇ ಈ ಬರಹ.

ಮೊದಲು ಅಳತೆ, ಆಮೇಲೆ ಅಂಗಡಿ

ಅಮೆರಿಕದಲ್ಲಿ 1976ರಲ್ಲಿ ಎಡ್ ಹೆಡ್ರಿಕ್ ಸ್ಥಾಪಿಸಿದ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆಯ ನಿಯಮದ ಪ್ರಕಾರ ಡಿಸ್ಕಿನ ತೂಕ ಅದರ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ. ದೂರಕ್ಕೆ ಎಸೆಯುವ ಡಿಸ್ಕ್‌ಗಳಾದ ಡ್ರೈವರುಗಳಲ್ಲಿ ಹೆಚ್ಚಿನವುಗಳ ವ್ಯಾಸ 21.2 ಸೆಂ.ಮೀ. ಆಸುಪಾಸಿನಲ್ಲಿರುವುದರಿಂದ ಅವುಗಳ ಗರಿಷ್ಠ ತೂಕ 175 ಗ್ರಾಂ ಸುಮಾರಿಗೆ ಬಂದು ನಿಲ್ಲುತ್ತದೆ. ಹಾಗಾಗಿ 20 ಡಿಸ್ಕ್ ಎಂದರೆ ಮೂರೂವರೆ ಕಿಲೋ. ಬೇಸಿಗೆಯ ಬೆಳಿಗ್ಗೆಗೆ ಎರಡು ಲೀಟರ್ ನೀರು ಎಂದರೆ ಇನ್ನೆರಡು ಕಿಲೋ. ಟವೆಲ್, ಮಳೆಯಂಗಿ, ತಿಂಡಿಯ ಡಬ್ಬಿ ಸೇರಿ ಮುಕ್ಕಾಲು ಕಿಲೋ. ಖಾಲಿ ಚೀಲವೇ ಒಂದೂವರೆ ಕಿಲೋ ತೂಗಿದರೆ ಬೆನ್ನಿನ ಮೇಲೆ ಏಳೂಮುಕ್ಕಾಲು ಕಿಲೋ ಕೂರುತ್ತದೆ. ಅದೇ 10 ಡಿಸ್ಕ್, ಒಂದು ಲೀಟರ್ ನೀರು, ಅರ್ಧ ಕಿಲೋದ ಹಗುರ ಚೀಲ ಎಂದಾದರೆ ಒಟ್ಟು ನಾಲ್ಕು ಕಿಲೋ ಕೂಡ ದಾಟುವುದಿಲ್ಲ. ಚೀಲದ ಆಯ್ಕೆ ನಿಜವಾಗಿ ನಡೆಯುವುದು ಈ ಎರಡು ತೂಕಗಳ ನಡುವೆ.

ನಿಮ್ಮಲ್ಲಿರುವ ಡಿಸ್ಕ್‌ಗಳನ್ನು ಮೇಜಿನ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ಎರಡೂ ತುದಿಗೆ ದಪ್ಪ ಪುಸ್ತಕವೊಂದನ್ನು ಒತ್ತಿ, ನಡುವಿನ ಉದ್ದವನ್ನು ಟೇಪಿನಿಂದ ಅಳೆಯಿರಿ. ಚೀಲದ ಮುಖ್ಯ ಖಾನೆಯ ಒಳ ಅಗಲ ಈ ಉದ್ದಕ್ಕಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚಿರಬೇಕು. ಸಡಿಲವಿಲ್ಲದಿದ್ದರೆ ಬೇಕಾದ ಡಿಸ್ಕ್ ಎಳೆಯುವಾಗ ಪಕ್ಕದ ಎರಡು ಜೊತೆಗೇ ಬರುತ್ತವೆ. ಡ್ರೈವರ್ ತೆಳ್ಳಗಿರುತ್ತದೆ, ಬುಟ್ಟಿಯ ಹತ್ತಿರದಿಂದ ಎಸೆಯುವ ಪಟರ್ ದಪ್ಪಗಿರುತ್ತದೆ. ಆದ್ದರಿಂದ ತಯಾರಕರು ಹೇಳುವ 18 ಎಂಬ ಸಂಖ್ಯೆ ನಿಮ್ಮ ಡಿಸ್ಕ್‌ಗಳಿಗೆ 16 ಆಗಬಹುದು, 20 ಕೂಡ ಆಗಬಹುದು.

ಇಲ್ಲಿ ಬೆಂಗಳೂರಿನವರಿಗೇ ಹೇಳಬೇಕಾದ ಒಂದು ಎಚ್ಚರಿಕೆಯಿದೆ. ನಮ್ಮಲ್ಲಿ ಹಲವರು ಈ ಆಟಕ್ಕೆ ಬಂದದ್ದು ತಂಡವಾಗಿ ಡಿಸ್ಕ್ ಪಾಸ್ ಮಾಡುತ್ತ ಆಡುವ ಅಲ್ಟಿಮೇಟ್ ಫ್ರಿಸ್ಬಿಯಿಂದ. ಆ ಆಟದ 175 ಗ್ರಾಂ ಡಿಸ್ಕಿನ ವ್ಯಾಸ 27 ಸೆಂಟಿಮೀಟರಿಗಿಂತ ಹೆಚ್ಚು. ಡಿಸ್ಕ್ ಗಾಲ್ಫ್ ಚೀಲದ ಖಾನೆ 21 ಸೆಂಟಿಮೀಟರಿನ ಡಿಸ್ಕಿಗೆಂದು ಹೊಲಿದದ್ದು. ಒಂದೇ ಬೆಳಿಗ್ಗೆ ಎರಡೂ ಆಟ ಆಡುವವರಾದರೆ ಆ ದೊಡ್ಡ ಡಿಸ್ಕಿಗೆ ಹೊರಗಡೆ ಹಿಗ್ಗುವ ಜೇಬು ಇದೆಯೇ, ಇಲ್ಲವೇ ಬೆನ್ನಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಖಾನೆಯಂಥ ಚಪ್ಪಟೆ ಜಾಗವಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಇಪ್ಪತ್ತು ಡಿಸ್ಕ್ ನಿಜಕ್ಕೂ ಬೇಕೇ ಎಂಬುದು ಇನ್ನೊಂದು ವಿಚಾರ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಮೈದಾನ ತಲೆಯೆತ್ತಿದಾಗ ಆಟಗಾರರು ಕೈಯಲ್ಲಿ ಹಿಡಿದು ಹೋಗುತ್ತಿದ್ದದ್ದು ಸಾಮಾನ್ಯ ಫ್ರಿಸ್ಬಿಗಳನ್ನು. 1983ರಲ್ಲಿ ಡೇವ್ ಡನಿಪೇಸ್ ಅಂಚನ್ನು ಓರೆಯಾಗಿಸಿ ಈಗಲ್ ಎಂಬ ಡಿಸ್ಕ್ ರೂಪಿಸಿದ ನಂತರವೇ ದೂರಕ್ಕೊಂದು, ಎಡಕ್ಕೊಂದು, ಬಲಕ್ಕೊಂದು ಎಂಬ ವಿಂಗಡಣೆ ಬೆಳೆಯಿತು, ಚೀಲಗಳು ಕೂಡ ಅದರ ಜೊತೆಗೆ ಬೆಳೆದವು. ನಮ್ಮ ಬಳಗ ಮಡಚುವ ಬುಟ್ಟಿಗಳನ್ನು ನಿಲ್ಲಿಸಿ ಆಡುವ ಜಾಗಗಳಲ್ಲಿ 100 ಮೀಟರ್ ದಾಟಿ ಎಸೆಯುವ ಅವಕಾಶವೇ ಅಪರೂಪ. ಎರಡು ಪಟರ್, ನಡುವಿನ ದೂರಕ್ಕೆ ಮೂರು ಮಿಡ್‌ರೇಂಜ್, ಅದಕ್ಕಿಂತ ತುಸು ದೂರಕ್ಕೆ ನಾಲ್ಕು ಫೇರ್‌ವೇ ಡ್ರೈವರ್, ಎರಡು ದೂರದ ಡ್ರೈವರ್, ಕಳೆದುಹೋದರೆ ಇರಲಿ ಎಂದು ಒಂದೆರಡು ಹೆಚ್ಚುವರಿ, ಇಷ್ಟಾದರೆ ಸಾಕು. ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಆಟಗಾರರಿಗೆ 12ರಿಂದ 16 ಡಿಸ್ಕಿನ ಚೀಲ ಹೇಳಿ ಮಾಡಿಸಿದ್ದು.

ಅಡ್ಡ ಹೆಗಲ ಚೀಲ, ಕಾಲೇಜು ಚೀಲ, ಆಟದ ಚೀಲ

ಆರೆಂಟು ಡಿಸ್ಕ್ ಹಿಡಿಯುವ, ಒಂದೇ ಪಟ್ಟಿಯ ಅಡ್ಡ ಹೆಗಲ ಚೀಲ ಆರಂಭದವರಿಗೂ ಮಕ್ಕಳಿಗೂ ಚೆನ್ನ. ಇಳಿಸಿ ಎತ್ತುವುದು ಕ್ಷಣದ ಕೆಲಸ. ಆದರೆ ಭಾರವೆಲ್ಲ ಒಂದೇ ಹೆಗಲ ಮೇಲೆ ಬೀಳುವುದರಿಂದ ಎರಡೂವರೆ ಕಿಲೋ ದಾಟಿದರೆ ಕತ್ತು ಹಿಡಿಯುತ್ತದೆ, ಸ್ಕೂಟರಿನಲ್ಲಿ ತಿರುವು ತೆಗೆದುಕೊಳ್ಳುವಾಗ ಚೀಲ ಮುಂದಕ್ಕೆ ಜಾರಿ ಹ್ಯಾಂಡಲಿಗೆ ಅಡ್ಡ ಬರುತ್ತದೆ. ಎರಡನೆಯದು ಅಪಾಯದ ಮಾತು. ಮೈದಾನಕ್ಕೆ ನಡೆದು ಹೋಗುವವರಿಗೆ ಮಾತ್ರ ನಾನು ಇದನ್ನು ಸೂಚಿಸುತ್ತೇನೆ.

ಮನೆಯಲ್ಲಿ ಈಗಾಗಲೇ ಇರುವ ಸಾಧಾರಣ ಬೆನ್ನುಚೀಲವನ್ನೇ ಬಳಸುವುದು ಎರಡನೆಯ ದಾರಿ, ಮತ್ತು ಹೆಚ್ಚಿನವರು ಅಂದುಕೊಂಡಿರುವುದಕ್ಕಿಂತ ಇದು ಬಹಳ ಒಳ್ಳೆಯ ದಾರಿ. ನಮ್ಮ ಊರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್ ಕಂಪನಿಯ ಚೀಲಗಳಾಗಲಿ, ಡೆಕಾಥ್ಲಾನ್ ಮಳಿಗೆಗಳಲ್ಲಿ ಸಿಗುವ ಕೆಚುವಾ ಚೀಲಗಳಾಗಲಿ 20ರಿಂದ 30 ಲೀಟರಿನ ಅಳತೆಯಲ್ಲಿ ಹಗುರವಾಗಿ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಯಲ್ಲಿ ಬೆನ್ನಿಗೆ ಹಾಕಿ ನೋಡಿ ಕೊಳ್ಳಬಹುದು. ಇವುಗಳ ದೋಷವೆಂದರೆ ಬಾಯಿ ಮೇಲೆ, ಡಿಸ್ಕ್ ತಳದಲ್ಲಿ. ಪ್ರತಿ ಎಸೆತಕ್ಕೂ ಚೀಲದೊಳಗೆ ಮೊಣಕೈವರೆಗೆ ಕೈಹಾಕಿ ತಡಕಾಡಬೇಕಾಗುತ್ತದೆ. ಪಿಡಿಜಿಎ ನಿಯಮಗಳಲ್ಲಿ ಸರದಿ ಬಂದ ಮೇಲೆ ಎಸೆಯಲು ಇರುವ ಕಾಲಾವಕಾಶ 30 ಸೆಕೆಂಡು ಮಾತ್ರ. ಸ್ನೇಹಿತರ ನಡುವಿನ ಆಟದಲ್ಲಿ ಯಾರೂ ಗಡಿಯಾರ ಹಿಡಿಯುವುದಿಲ್ಲವಾದರೂ ತಡಕಾಟ ಎಸೆತಗಾರನ ಏಕಾಗ್ರತೆಯನ್ನಂತೂ ಕೆಡಿಸುತ್ತದೆ.

ಈ ದೋಷಕ್ಕೆ ಕಡಿಮೆ ಖರ್ಚಿನ ಪರಿಹಾರವಿದೆ. ಶಾಲಾ ಪ್ರಾಜೆಕ್ಟುಗಳಿಗೆ ಬಳಸುವ, ಅವೆನ್ಯೂ ರಸ್ತೆಯಿಂದ ಹಿಡಿದು ಬಡಾವಣೆಯ ಸ್ಟೇಷನರಿ ಅಂಗಡಿಯವರೆಗೆ ಸಿಗುವ ಸನ್‌ಪ್ಯಾಕ್ ಶೀಟನ್ನು ಕೊಂಡು ಮೇಲ್ಭಾಗ ತೆರೆದಿರುವ ಪೆಟ್ಟಿಗೆಯಂತೆ ಮಡಚಿ, ಮೂಲೆಗಳಿಗೆ ಅಗಲವಾದ ಟೇಪ್ ಸುತ್ತಿ ಚೀಲದೊಳಗೆ ಇಳಿಸಬೇಕು. ಅಡಿಯಲ್ಲಿ ಮಡಚಿದ ಹಳೆಯ ಟವೆಲ್ಲನ್ನೋ ಫೋಮ್ ತುಂಡನ್ನೋ ಇಟ್ಟು ಪೆಟ್ಟಿಗೆಯನ್ನು ಮೇಲಕ್ಕೆತ್ತಿದರೆ ಡಿಸ್ಕ್‌ಗಳು ಬಾಯಿಯ ಮಟ್ಟಕ್ಕೆ ಬಂದು ಸಾಲಾಗಿ ನಿಲ್ಲುತ್ತವೆ. ಇದಕ್ಕೆ ಆರಿಸುವ ಚೀಲದ ಜಿಪ್ ಮೂರು ಬದಿಯಲ್ಲೂ ಆಳವಾಗಿ ಇಳಿದು, ಬಾಯಿ ಪೂರ್ತಿಯಾಗಿ ತೆರೆದುಕೊಳ್ಳುವಂತಿರಬೇಕು. ಹುರಿ ಎಳೆದು ಮುಚ್ಚುವ ಚೀಲ ಇದಕ್ಕೆ ಆಗದು. ನಾನು ಹೀಗೆ ಮಾಡಿಕೊಂಡ ಚೀಲದಲ್ಲಿ ಹದಿನಾಲ್ಕು ಡಿಸ್ಕ್ ಇಟ್ಟು ಎರಡು ವರ್ಷ ಆಡಿದ್ದೇನೆ. ಇನ್ನೊಬ್ಬರಿಗೆ ಸಲಹೆ ಕೊಡುವಾಗ ಇಂದಿಗೂ ಇದರಿಂದಲೇ ಆರಂಭಿಸಿ ಎನ್ನುತ್ತೇನೆ. ಏಕೆಂದರೆ ಎರಡು ತಿಂಗಳು ಹೀಗೆ ಆಡಿದವರಿಗೆ ತಮಗೆ ಎಷ್ಟು ಡಿಸ್ಕ್ ಬೇಕು, ಯಾವ ಜೇಬಿಗೆ ಕೈ ಹೆಚ್ಚು ಹೋಗುತ್ತದೆ ಎಂಬುದು ಅನುಭವದಿಂದಲೇ ತಿಳಿದುಬಿಡುತ್ತದೆ.

ಮೂರನೆಯದು ಈ ಆಟಕ್ಕೆಂದೇ ಮಾಡಿದ ಮಧ್ಯಮ ಚೀಲ. ಡೈನಮಿಕ್ ಡಿಸ್ಕ್ಸ್ ಕಂಪನಿಯ ಟ್ರೂಪರ್ ಇದಕ್ಕೆ ಒಳ್ಳೆಯ ಮಾದರಿ: ಮುಖ್ಯ ಖಾನೆಯಲ್ಲಿ ಸುಮಾರು 18 ಡಿಸ್ಕ್, ಮೇಲುಗಡೆ ಉಳಿದ ಸಾಮಾನಿಗೆ ಜಾಗ, ಎರಡು ಪಕ್ಕದಲ್ಲೂ ನೀರಿನ ಬಾಟಲಿಗೆ ಜೇಬು. ಇನ್ನೋವಾ, ಲ್ಯಾಟಿಟ್ಯೂಡ್ 64, ಪ್ರಾಡಿಜಿ ಮುಂತಾದವರೂ ಇದೇ ವರ್ಗದಲ್ಲಿ ಚೀಲಗಳನ್ನು ತಂದಿದ್ದಾರೆ. ಈ ವರ್ಗದ ದೊಡ್ಡ ಗುಣ ರಚನೆಯಲ್ಲಿದೆ. ಡಿಸ್ಕ್‌ಗಳು ಕೆಳಭಾಗದಲ್ಲಿ ಹೊರಮುಖವಾಗಿ ಸಾಲಾಗಿ ನಿಲ್ಲುತ್ತವೆ, ಖಾನೆಯ ಬಾಯಿ ಎದುರಿಗೇ ತೆರೆಯುತ್ತದೆ, ಬೇಕಾದ ಡಿಸ್ಕಿನ ಅಂಚು ಬೆರಳಿಗೆ ಸಿಗುತ್ತದೆ. ಭಾರ ತಳದಲ್ಲಿರುವುದರಿಂದ ಚೀಲ ನೆಲದ ಮೇಲೆ ಸಾಮಾನ್ಯವಾಗಿ ನೆಟ್ಟಗೆ ನಿಲ್ಲುತ್ತದೆ. ದೌರ್ಬಲ್ಯವಿರುವುದು ಬೆನ್ನಿನ ಮಗ್ಗುಲಲ್ಲಿ. ಅಗ್ಗದ ಮಾದರಿಗಳಲ್ಲಿ ಬೆನ್ನಿಗೆ ತಾಗುವ ಫಲಕದೊಳಗೆ ಗಟ್ಟಿ ಹಾಳೆ ಇರುವುದಿಲ್ಲ. ಆರು ತಿಂಗಳಲ್ಲಿ ಅದು ಕುಸಿದು ಡಿಸ್ಕ್‌ಗಳ ದುಂಡನೆಯ ಅಂಚು ಸೊಂಟದ ಮೇಲ್ಭಾಗಕ್ಕೆ ಒತ್ತತೊಡಗುತ್ತದೆ. ಕೊಳ್ಳುವ ಮೊದಲು ಆ ಫಲಕವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ತಪ್ಪಿಸಲಾರದ ಪರೀಕ್ಷೆ.

ನಾಲ್ಕನೆಯದು ಪಂದ್ಯಾವಳಿಯ ಚೀಲ. ಗ್ರಿಪ್ ಕಂಪನಿಯ ದೊಡ್ಡ ಚೀಲಗಳು, ಪ್ರಾಡಿಜಿಯ ಬಿಪಿ-1 ಈ ವರ್ಗದವು. ಒಳಗೆ ಗಟ್ಟಿ ಚೌಕಟ್ಟು, ದಪ್ಪ ಹೆಗಲುಪಟ್ಟಿ, ಬೆಲೆಬಾಳುವ ವಸ್ತುಗಳಿಗೆ ಮೃದು ಅಸ್ತರಿನ ಜೇಬು, ಇಪ್ಪತ್ತಕ್ಕಿಂತ ಹೆಚ್ಚು ಡಿಸ್ಕ್. ಹೊಲಿಗೆಯ ಗುಣಮಟ್ಟದಲ್ಲಿ ಇವಕ್ಕೆ ಸಾಟಿಯಿಲ್ಲ, ನೆಲದ ಮೇಲೆ ಬಂಡೆಯಂತೆ ನಿಲ್ಲುತ್ತವೆ. ಬೆಲೆ ಅಮೆರಿಕದಲ್ಲೇ 200 ಡಾಲರ್ ದಾಟುತ್ತದೆ, ಅದರ ಮೇಲೆ ಸಾಗಣೆ, ಆಮದು ಸುಂಕ, ಜಿಎಸ್‌ಟಿ ಸೇರುತ್ತವೆ. ಹಣ ಅಡ್ಡಿಯಲ್ಲದವರಿಗೂ ನನ್ನ ಆಕ್ಷೇಪವೊಂದಿದೆ: ಇವು ಕಾರಿನಲ್ಲಿ ಓಡಾಡುವವರಿಗೆಂದು ರೂಪಿಸಿದ ಚೀಲಗಳು. ಸ್ಕೂಟರಿನ ಮಾತು ಮುಂದೆ ಬರುತ್ತದೆ.

ಇನ್ನು ಝೂಕಾ ಮುಂತಾದ ಗಾಲಿಬಂಡಿಗಳು. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಕುಳಿತುಕೊಳ್ಳಲೂಬಹುದು, ಬೆನ್ನಿಗೆ ಭಾರವೇ ಇಲ್ಲ. ಬೆನ್ನುನೋವಿರುವವರು, ಕಾರಿದ್ದವರು, ಆಡುವ ನೆಲ ಸಮತಟ್ಟಾಗಿದ್ದವರು ಕೊಳ್ಳಬಹುದು. ನಮ್ಮ ಒಡೆದ ಫುಟ್‌ಪಾತ್‌ಗಳಿಗೂ ಮಳೆ ನಿಂತ ಕೆಂಪು ಮಣ್ಣಿಗೂ ಅವು ಹೊಂದುವುದಿಲ್ಲ.

ಬಟ್ಟೆ, ಜಿಪ್, ಹೊಲಿಗೆ

ಚೀಲದ ವಿವರದಲ್ಲಿ 600ಡಿ, 1000ಡಿ ಎಂದು ಬರೆದಿರುತ್ತಾರೆ. ಡಿ ಎಂದರೆ ಡೆನಿಯರ್: 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ, ಅಷ್ಟೇ. ಅದೊಂದರಿಂದಲೇ ಬಟ್ಟೆಯ ಬಲವನ್ನು ಅಳೆಯಬಾರದು, ಏಕೆಂದರೆ ನೂಲಿನ ಜಾತಿ ಅದಕ್ಕಿಂತ ಮುಖ್ಯ. ಉಜ್ಜಾಟವನ್ನು ತಡೆಯುವುದರಲ್ಲಿ ನೈಲಾನ್ ಪಾಲಿಯೆಸ್ಟರಿಗಿಂತ ಮೇಲು. ಆದ್ದರಿಂದ 500 ಡೆನಿಯರಿನ ಒಳ್ಳೆಯ ನೈಲಾನ್ 600 ಡೆನಿಯರಿನ ಸಾಧಾರಣ ಪಾಲಿಯೆಸ್ಟರಿಗಿಂತ ಹೆಚ್ಚು ಬಾಳುತ್ತದೆ. ಆದರೆ ಬಿಸಿಲಿನ ಎದುರು ಪಾಲಿಯೆಸ್ಟರ್ ಹೆಚ್ಚು ಕಾಲ ನಿಲ್ಲುತ್ತದೆ. ನೈಲಾನ್ ತನ್ನ ತೂಕದ ಶೇಕಡ ನಾಲ್ಕರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಅರ್ಧ ಶೇಕಡಕ್ಕಿಂತ ಕಡಿಮೆ. ಒದ್ದೆ ಹುಲ್ಲಿನ ಮೇಲೆ ಇಟ್ಟ ಚೀಲ ಯಾವುದು ಬೇಗ ಒಣಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ, ಬಿಸಿಲು ಮಳೆ ಎರಡೂ ಧಾರಾಳವಾಗಿರುವ ನಮ್ಮ ಊರಿಗೆ ನಾನು ಆರಿಸುವುದು ಮೈಯೆಲ್ಲ ಪಾಲಿಯೆಸ್ಟರ್ ಇದ್ದು ತಳಕ್ಕೆ ಮಾತ್ರ ದಪ್ಪ ನೈಲಾನ್ ಅಥವಾ ರಬ್ಬರಿನಂಥ ಗಟ್ಟಿ ಹೊದಿಕೆ ಇರುವ ಚೀಲವನ್ನು. ತಳದ ವಿಚಾರದಲ್ಲಿ ರಾಜಿ ಮಾಡಿಕೊಳ್ಳಬೇಡಿ. ದಿನಕ್ಕೆ ನಲವತ್ತು ಸಲ ನೆಲ ಮುಟ್ಟುವುದು ಅದೇ ಭಾಗ. ಬೆಂಗಳೂರಿನ ಕೆಂಪು ಮಣ್ಣು ಬಟ್ಟೆಯ ನೇಯ್ಗೆಗೆ ಇಳಿದರೆ ಯಾವ ಸೋಪಿಗೂ ಬಿಡುವುದಿಲ್ಲ, ಗಟ್ಟಿ ತಳವಾದರೆ ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಒರೆಸಿ ತೆಗೆಯಬಹುದು.

ಜಿಪ್ಪಿನ ಎಳೆಗುಂಡಿಯ ಹಿಂಭಾಗದಲ್ಲಿ 5, 8, 10 ಎಂಬ ಅಂಕಿಗಳು ಕಾಣಸಿಗುತ್ತವೆ. ಹಲ್ಲುಗಳು ಮುಚ್ಚಿಕೊಂಡಾಗ ಅವುಗಳ ಅಗಲ ಸುಮಾರು ಎಷ್ಟು ಮಿಲಿಮೀಟರ್ ಎಂಬುದನ್ನು ಆ ಅಂಕಿ ಸೂಚಿಸುತ್ತದೆ. ಡಿಸ್ಕ್ ಖಾನೆಗೆ 8 ಅಥವಾ 10 ಇರಲಿ, ಸಣ್ಣ ಜೇಬುಗಳಿಗೆ 5 ಸಾಕು. ಜಪಾನಿನ ವೈಕೆಕೆ ಜಿಪ್ ಇದ್ದರೆ ನಿಶ್ಚಿಂತೆ ಎಂಬುದು ಬಹುಮಟ್ಟಿಗೆ ನಿಜ. ಆದರೂ ಮಣ್ಣಿನ ಕಣ ಹೊಕ್ಕರೆ ಯಾವ ಜಿಪ್ಪೂ ಸವೆಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಂಗಳಿಗೊಮ್ಮೆ ಉಜ್ಜಿ ಮೇಣದಬತ್ತಿಯ ತುಂಡನ್ನು ಹಲ್ಲುಗಳ ಮೇಲೆ ಎಳೆದರೆ ವರ್ಷಗಟ್ಟಲೆ ಸಲೀಸಾಗಿ ಓಡುತ್ತದೆ.

ಹೊಲಿಗೆಯ ಬಗ್ಗೆ ನನಗೆ ಪಾಠ ಕಲಿಸಿದ್ದು ನನ್ನ ಎರಡನೆಯ ಚೀಲ. ಹೊರನೋಟಕ್ಕೆ ಲಕ್ಷಣವಾಗಿದ್ದ, ದುಬಾರಿಯೂ ಆಗಿದ್ದ ಆ ಚೀಲದ ಬಲ ಹೆಗಲುಪಟ್ಟಿ ಏಳನೆಯ ತಿಂಗಳಿನಲ್ಲಿ ಬುಡದಿಂದಲೇ ಕಿತ್ತುಬಂತು. ಬಿಚ್ಚಿ ನೋಡಿದಾಗ ಪಟ್ಟಿಯ ತುದಿ ಅಂಚಿನ ಹೊಲಿಗೆಯೊಳಗೆ ಅರ್ಧ ಇಂಚು ಮಾತ್ರ ಹೊಕ್ಕಿತ್ತು, ಅದರ ಮೇಲೆ ಒಂದೇ ಸಾಲಿನ ಹೊಲಿಗೆ ಇತ್ತು. ಚಿಕ್ಕಪೇಟೆಯ ಓಣಿಯೊಂದರಲ್ಲಿ ಚೀಲ ರಿಪೇರಿ ಮಾಡುವ ಹಿರಿಯರೊಬ್ಬರು ಅದನ್ನು ಕೈಗೆತ್ತಿಕೊಂಡು, ಪಟ್ಟಿಯ ಅಡಿಗೆ ತುಂಡು ಬಟ್ಟೆ ಕೊಟ್ಟು, ಚೌಕಾಕಾರವಾಗಿ ಹೊಲಿದು ನಡುವೆ ಅಡ್ಡಡ್ಡ ಗೆರೆ ಹಾಕಿಕೊಟ್ಟರು. ಆ ಹೊಲಿಗೆ ಇಂದಿಗೂ ಬಿಟ್ಟಿಲ್ಲ. ಅಂದಿನಿಂದ ಯಾವ ಚೀಲ ಕೈಗೆ ಸಿಕ್ಕರೂ ಮೊದಲು ನೋಡುವುದು ಹೆಗಲುಪಟ್ಟಿ ಚೀಲಕ್ಕೆ ಸೇರುವ ಎರಡು ಜಾಗ ಮತ್ತು ಮೇಲಿನ ಹಿಡಿಕೆಯ ಬುಡ. ಅಲ್ಲಿ ಒತ್ತೊತ್ತಾದ ಅಡ್ಡಹೊಲಿಗೆಯೋ, ಚೌಕದೊಳಗೆ ಗುಣಾಕಾರದ ಗುರುತಿನಂಥ ಹೊಲಿಗೆಯೋ ಕಾಣಬೇಕು. ಕಾಣದಿದ್ದರೆ ಹೆಸರು ಎಷ್ಟೇ ದೊಡ್ಡದಿರಲಿ, ಕೆಳಗಿಟ್ಟುಬಿಡಿ. ಹಿಡಿಕೆ ಮುಖ್ಯ ಏಕೆಂದರೆ, ಸುತ್ತಿನ ದ್ವಿತೀಯಾರ್ಧದಲ್ಲಿ ಎಲ್ಲರೂ ಚೀಲವನ್ನು ಬೆನ್ನಿಗೇರಿಸುವ ಬದಲು ಹಿಡಿಕೆಯಿಂದಲೇ ಎತ್ತಿ ನಾಲ್ಕು ಹೆಜ್ಜೆ ಇಡತೊಡಗುತ್ತಾರೆ.

ಮಳೆ

ಬೆಂಗಳೂರಿನಲ್ಲಿ ಏಪ್ರಿಲ್ ಮೇ ತಿಂಗಳ ಸಂಜೆಯ ಗುಡುಗುಮಳೆಯಿಂದ ಹಿಡಿದು ಅಕ್ಟೋಬರಿನವರೆಗೆ ಚೀಲ ನೆನೆಯುವ ಸಾಧ್ಯತೆ ಇದ್ದೇ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಂತೂ ವರ್ಷದ ಅತಿ ಹೆಚ್ಚು ಮಳೆಯ ಕಾಲ. ಜಲನಿರೋಧಕ ಎಂದು ಬರೆದ ಚೀಲಗಳಲ್ಲಿ ಬಟ್ಟೆ ನೀರು ಬಿಡುವುದಿಲ್ಲ, ನಿಜ. ಆದರೆ ನೀರು ಬರುವುದು ಹೊಲಿಗೆಯ ತೂತುಗಳಿಂದ, ಜಿಪ್ಪಿನ ಹಲ್ಲುಗಳಿಂದ. ಆದ್ದರಿಂದ ಜಲನಿರೋಧಕ ಎಂಬ ಪದಕ್ಕೆ ಹೆಚ್ಚಿನ ಬೆಲೆ ಕೊಡುವ ಬದಲು ಒಳ್ಳೆಯ ರೇನ್‌ಕವರ್ ಇರುವ ಚೀಲ ಕೊಳ್ಳುವುದು ಲೇಸು. ರೇನ್‌ಕವರನ್ನು ಪ್ರತ್ಯೇಕವಾಗಿ ಕೊಳ್ಳುವುದಾದರೆ ಡಿಸ್ಕ್ ಖಾನೆಯ ಕಡೆಯಿಂದ ತೆರೆದು ಮುಚ್ಚಲು ಬರುವಂಥದ್ದು ಉತ್ತಮ. ಸಾಮಾನ್ಯ ಕವರು ಚೀಲದ ಮುಂಭಾಗವನ್ನೆಲ್ಲ ಮುಚ್ಚುವುದರಿಂದ ಪ್ರತಿ ಎಸೆತಕ್ಕೂ ಅದನ್ನು ಬಿಚ್ಚಬೇಕಾಗುತ್ತದೆ.

ಡಿಸ್ಕ್ ಪ್ಲಾಸ್ಟಿಕ್ ಆದ್ದರಿಂದ ನೆನೆದರೆ ಕೆಡುವುದಿಲ್ಲ. ಆದರೆ ಒದ್ದೆ ಡಿಸ್ಕ್ ಕೈಯಿಂದ ಜಾರುತ್ತದೆ, ಒದ್ದೆ ಡಿಸ್ಕ್‌ಗಳನ್ನು ಮುಚ್ಚಿಟ್ಟ ಚೀಲ ಮುಗ್ಗಲು ಹಿಡಿಯುತ್ತದೆ. ಟವೆಲ್ಲನ್ನು ಹೊರಗೆ ಕೊಕ್ಕೆಗೆ ನೇತುಹಾಕುವ ರೂಢಿ ಒಣಹವೆಯಲ್ಲಿ ಸರಿ, ಮಳೆಯಲ್ಲಿ ಅದೇ ಮೊದಲು ತೊಯ್ದುಹೋಗುತ್ತದೆ. ಮೇಲುಭಾಗದಲ್ಲಿ ಕೈ ಸುಲಭವಾಗಿ ಹೋಗುವ, ಮುಚ್ಚಳವಿರುವ ಜೇಬೊಂದು ಎರಡನೆಯ ಒಣ ಟವೆಲ್ಲಿಗೆ ಮೀಸಲಿರಬೇಕು. ಡಿಸ್ಕ್ ಖಾನೆಯ ತಳದಲ್ಲಿ ನೀರಿಳಿಯುವ ಲೋಹದ ಕಣ್ಣುಗಳಿದ್ದರೆ ಇನ್ನೂ ಒಳ್ಳೆಯದು.

ಬಟ್ಟೆಯ ಒಳಬದಿಗೆ ಬಳಿದಿರುವ ಪಾಲಿಯುರಿಥೇನ್ ಲೇಪ ತೇವ ಮತ್ತು ಶಾಖದಲ್ಲಿ ವರ್ಷಗಳು ಕಳೆದಂತೆ ರಾಸಾಯನಿಕವಾಗಿ ಒಡೆಯುತ್ತದೆ, ಅಂಟಂಟಾಗಿ ಆಮೇಲೆ ಪುಡಿಯಾಗಿ ಉದುರುತ್ತದೆ. ಮಳೆಗಾಲ ಮುಗಿದ ಮೇಲೆ ಚೀಲವನ್ನು ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವವರು ಈ ಹಾನಿಯನ್ನು ತಾವೇ ಬೇಗ ಬರಮಾಡಿಕೊಳ್ಳುತ್ತಾರೆ. ಖಾಲಿ ಮಾಡಿ, ಜಿಪ್ಪುಗಳನ್ನೆಲ್ಲ ತೆರೆದು, ನೆರಳಿನಲ್ಲಿ ತಲೆಕೆಳಗಾಗಿ ನೇತುಹಾಕಿದರೆ ಸಾಕು. ಹಳೆಯ ಚೀಲವನ್ನು ಇನ್ನೊಬ್ಬರಿಂದ ಕೊಳ್ಳುವಾಗಲೂ ಒಳಗೆ ಕೈಹಾಕಿ ಸವರಿ ನೋಡಿ. ಕೈಗೆ ಜಿಗುಟು ಹತ್ತಿದರೆ ಆ ಚೀಲ ಬೇಡ.

ಬೆನ್ನು, ಸ್ಕೂಟರ್, ಮೆಟ್ರೋ

ಬೆನ್ನುಚೀಲದ ಎತ್ತರ ನಿಮ್ಮ ಮುಂಡದ ಉದ್ದಕ್ಕೆ ಹೊಂದಬೇಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಎಲುಬಿನ ಮೇಲಂಚಿನವರೆಗೆ ಅಳತೆ ತೆಗೆದುಕೊಳ್ಳಿ. ಡಿಸ್ಕ್ ಗಾಲ್ಫ್ ಚೀಲಗಳು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತವೆ. ಕುಳ್ಳಗಿರುವವರಿಗೆ, ಅದರಲ್ಲೂ ಅನೇಕ ಹೆಣ್ಣುಮಕ್ಕಳಿಗೆ, ದೊಡ್ಡ ಚೀಲದ ತಳ ಸೊಂಟದ ಕೆಳಗೆ ಇಳಿದು ನಡೆಯುವಾಗ ಹಿಂಭಾಗಕ್ಕೆ ಬಡಿಯುತ್ತದೆ. ಅಂಥವರಿಗೆ ಪಟ್ಟಿ ಬಿಗಿದರೂ ಪ್ರಯೋಜನವಾಗದು, ಚಿಕ್ಕ ಚೀಲವೇ ದಾರಿ. ಎದೆಪಟ್ಟಿ ಇರುವ ಚೀಲವನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಎರಡು ಹೆಗಲುಪಟ್ಟಿಗಳು ಹೊರಕ್ಕೆ ಜಾರುವುದನ್ನು ಅದು ತಡೆಯುತ್ತದೆ. ಸೊಂಟಪಟ್ಟಿಯ ವಿಷಯದಲ್ಲಿ ನನ್ನ ನಿಲುವು ಬೇರೆ. ಭಾರವನ್ನು ಸೊಂಟಕ್ಕೆ ಇಳಿಸುವ ಅದರ ಗುಣ ಗಂಟೆಗಟ್ಟಲೆ ಬಿಡದೆ ನಡೆಯುವವರಿಗೆ ಉಪಕಾರಿ. ನಲವತ್ತು ಸಲ ಬಿಚ್ಚಿ ಕಟ್ಟುವ ಆಟದಲ್ಲಿ ಮೂರನೆಯ ಬುಟ್ಟಿಗೇ ಅದು ನೇತಾಡತೊಡಗುತ್ತದೆ. ತೆಗೆದಿಡಬಹುದಾದ ಸೊಂಟಪಟ್ಟಿ ಇದ್ದರೆ ಸರಿ, ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಸ್ಕೂಟರಿನಲ್ಲಿ ಹೋಗುವವರಿಗೆ ಚೀಲದ ಎತ್ತರ ಸುರಕ್ಷತೆಯ ಪ್ರಶ್ನೆ. ಚೀಲದ ತುದಿ ಹೆಗಲಿಗಿಂತ ಮೇಲಕ್ಕೆ ಎದ್ದಿದ್ದರೆ ತಲೆ ತಿರುಗಿಸಿ ಹಿಂದೆ ನೋಡುವಾಗ ಹೆಲ್ಮೆಟ್ಟಿನ ಹಿಂಬದಿ ಅದಕ್ಕೆ ತಾಗುತ್ತದೆ, ತಲೆ ಪೂರ್ತಿ ತಿರುಗುವುದಿಲ್ಲ. ಗಟ್ಟಿ ಚೌಕಟ್ಟಿನ ದೊಡ್ಡ ಚೀಲಗಳಲ್ಲಿ ಇದು ಖಚಿತವಾಗಿ ಆಗುವ ತೊಂದರೆ. ಅವುಗಳ ತಳ ಸೀಟಿಗೆ ಊರಿ ಇಡೀ ಚೀಲ ಮೇಲಕ್ಕೆ ಒತ್ತಲ್ಪಡುತ್ತದೆ, ಹಂಪು ಹಾರಿದಾಗಲೆಲ್ಲ ಹೆಗಲುಪಟ್ಟಿ ಎದ್ದು ಬೀಳುತ್ತದೆ. ಚೀಲವನ್ನು ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಹೋಗುವ ಅಭ್ಯಾಸ ಹಲವರಿಗಿದೆ. ಅದು ಕಾಲಿನ ಜಾಗವನ್ನೂ ಹ್ಯಾಂಡಲ್ ತಿರುಗುವುದನ್ನೂ ಕಟ್ಟಿಹಾಕುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ದ್ವಿಚಕ್ರ ವಾಹನದವರು ಹೆಲ್ಮೆಟ್ ಧರಿಸಿ, ಚೀಲ ತುಂಬಿಸಿ, ನಿಂತ ಗಾಡಿಯ ಮೇಲೆ ಕುಳಿತು ಎರಡೂ ಕಡೆ ಹಿಂದಿರುಗಿ ನೋಡಿದ ಮೇಲೆಯೇ ಚೀಲದ ಬಗ್ಗೆ ತೀರ್ಮಾನಿಸಬೇಕು. ಹಿಂಬದಿಯಲ್ಲಿ ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ ಇಲ್ಲದ ಚೀಲಕ್ಕೆ ಹೊಲಿಸಿಕೊಳ್ಳಿ. ಮುಂಜಾವಿನ ಆಟಕ್ಕೆ ಹೊರಡುವುದು ಕತ್ತಲೆಯಲ್ಲೇ.

ಮೆಟ್ರೋ ಬಳಸುವವರಿಗೆ ಬೇರೆ ತೊಡಕು. ಹೆಚ್ಚಿನ ಡಿಸ್ಕ್ ಗಾಲ್ಫ್ ಚೀಲಗಳಲ್ಲಿ ಪಟರ್ ಇಡಲು ಮೇಲುಗಡೆ ಮುಚ್ಚಳವಿಲ್ಲದ ತೆರೆದ ಜೇಬಿರುತ್ತದೆ. ಆಟದಲ್ಲಿ ಅದು ವರದಾನ, ಏಕೆಂದರೆ ಅತಿ ಹೆಚ್ಚು ಸಲ ಕೈಗೆ ಬೇಕಾಗುವುದು ಪಟರ್. ಆದರೆ ನಿಲ್ದಾಣದ ತಪಾಸಣಾ ಯಂತ್ರದ ಪಟ್ಟಿಯ ಮೇಲೆ ಚೀಲವನ್ನು ಮಲಗಿಸಿದ ಕೂಡಲೇ ಆ ಜೇಬಿನಲ್ಲಿರುವುದೆಲ್ಲ ಜಾರಿ ಒಳಗೆಲ್ಲೋ ಉಳಿದುಬಿಡುತ್ತದೆ. ಒಂದು ಇಲಾಸ್ಟಿಕ್ ಹುರಿಯೋ ಚಿಕ್ಕ ಬಕಲ್ಲೋ ಇರುವ ಪಟರ್ ಜೇಬು ಈ ತೊಂದರೆಯನ್ನು ತಪ್ಪಿಸುತ್ತದೆ. ಡಬ್ಬಿಯಲ್ಲಿ ಜನ ತುಂಬಿದಾಗ ಚೀಲವನ್ನು ಎದೆಗೆ ಹಾಕಿಕೊಳ್ಳಬೇಕಾಗುತ್ತದೆ. ಮುಂಭಾಗಕ್ಕೆ ಉಬ್ಬಿದ ದೊಡ್ಡ ಚೀಲಗಳು ಅಲ್ಲಿ ಪಕ್ಕದವರಿಗೂ ಹಿಂಸೆ. ಬೇರೆ ಊರಿನ ಪಂದ್ಯಕ್ಕೆ ವಿಮಾನದಲ್ಲಿ ಹೋಗುವವರು ನಮ್ಮ ದೇಶೀಯ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿರುವ 7 ಕಿಲೋ ಮಿತಿಯನ್ನು ನೆನಪಿನಲ್ಲಿಡಬೇಕು. ಮಧ್ಯಮ ಚೀಲ ನೀರಿಲ್ಲದೆ ಆ ಮಿತಿಯೊಳಗೆ ಇರುತ್ತದೆ, ಪಂದ್ಯಾವಳಿಯ ಚೀಲ ತುಂಬಿದರೆ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ.

ಎಲ್ಲಿಂದ, ಹೇಗೆ ಕೊಳ್ಳುವುದು

ಆಟದ ಚೀಲವನ್ನು ವಿದೇಶದಿಂದ ತರಿಸುವುದಾದರೆ ಚೀಲದ ಬೆಲೆಯ ಜೊತೆಗೆ ಸಾಗಣೆ ವೆಚ್ಚ, ಸುಂಕ, ತೆರಿಗೆ, ಕೊರಿಯರ್ ಕಂಪನಿ ಹಾಕುವ ನಿರ್ವಹಣಾ ಶುಲ್ಕ ಎಲ್ಲವನ್ನೂ ಕೂಡಿಸಿ ಮೊತ್ತವನ್ನು ನೋಡಿ. ಅರವತ್ತು ಎಪ್ಪತ್ತು ಡಾಲರಿನ ಚೀಲಕ್ಕೆ ಈ ಸೇರ್ಪಡೆಗಳು ಅನುಪಾತದಲ್ಲಿ ಬಹಳ ಭಾರವಾಗುತ್ತವೆ. ಊರಿಗೆ ಬರುವ ಬಂಧುಗಳ ಮೂಲಕ ತರಿಸುವವರು ಚೀಲ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆಯೇ ಎಂದು ವಿಚಾರಿಸಬೇಕು. ಗಟ್ಟಿ ಚೌಕಟ್ಟಿನದು ಮಡಚುವುದಿಲ್ಲ, ಸೂಟ್‌ಕೇಸಿನ ಅರ್ಧ ಜಾಗವನ್ನು ಅದೇ ನುಂಗುತ್ತದೆ. ವಿದೇಶೀ ಚೀಲಕ್ಕೆ ವಾರಂಟಿ ಇದ್ದರೂ ಹಿಂದಕ್ಕೆ ಕಳಿಸುವ ಖರ್ಚು ನಿಮ್ಮದೇ ಆಗಬಹುದು. ಆದ್ದರಿಂದ ಬಕಲ್ ಮುರಿದರೆ ಇಲ್ಲಿಯೇ ಸಿಗುವ ಅಳತೆಯದೇ ಎಂದು ನೋಡಿಕೊಳ್ಳಿ. ಒಂದು ಇಂಚು ಅಗಲದ ಪಟ್ಟಿಗೆ ಹೊಂದುವ ಬಕಲ್ ನಮ್ಮಲ್ಲಿ ಚೀಲ ರಿಪೇರಿಯವರ ಬಳಿಯೇ ದೊರಕುತ್ತದೆ, ವಿಚಿತ್ರ ಆಕಾರದ್ದು ದೊರಕುವುದಿಲ್ಲ.

ಇಲ್ಲಿನ ಮಳಿಗೆಯಲ್ಲಿ ಕೊಳ್ಳುವವರು ಬಿಲ್ಲಿನ ಹಿಂಭಾಗದಲ್ಲಿ ಮರಳಿಸುವ ಅವಧಿ ಎಷ್ಟು ದಿನ ಎಂಬುದನ್ನು ಓದಿಕೊಂಡು, ಆ ಅವಧಿಯೊಳಗೆ ಮನೆಯಲ್ಲೇ ಪರೀಕ್ಷೆ ಮುಗಿಸಬೇಕು. ಲೇಬಲ್ ಕೀಳದೆ ನಿಮ್ಮ ಡಿಸ್ಕ್‌ಗಳನ್ನೆಲ್ಲ ತುಂಬಿ, ಹೊರಗಡೆ ಒಣಗಿರುವ ಬಾಟಲಿಗಳಲ್ಲಿ ನೀರು ಹಾಕಿ ಪಕ್ಕದ ಜೇಬುಗಳಲ್ಲಿಡಿ. ಒಂದು ಬದಿಯ ಬಾಟಲಿಯನ್ನು ಮಾತ್ರ ತೆಗೆದಾಗ ಚೀಲ ಮಗುಚುತ್ತದೆಯೇ ನೋಡಿ, ಏಕೆಂದರೆ ಆಟದ ಅರ್ಧದಲ್ಲಿ ಪರಿಸ್ಥಿತಿ ಹಾಗೆಯೇ ಇರುತ್ತದೆ. ನಂತರ ಚೀಲವನ್ನು ಬೆನ್ನಿಗೆ ಹಾಕಿ ಮಹಡಿಯ ಮೆಟ್ಟಿಲುಗಳನ್ನು ನಾಲ್ಕು ಸಲ ಹತ್ತಿ ಇಳಿಯಿರಿ, ಪ್ರತಿ ಮಹಡಿಯಲ್ಲೂ ಇಳಿಸಿ, ಕಣ್ಣುಮುಚ್ಚಿ ಪಟರನ್ನು ಹೊರತೆಗೆದು ಮತ್ತೆ ಒಳಗಿಡಿ. ಹತ್ತನೆಯ ಸಲಕ್ಕೂ ಕೈ ತಡಕಾಡುತ್ತಿದ್ದರೆ ಮರುದಿನವೇ ಬಿಲ್ಲಿನ ಸಮೇತ ಅಂಗಡಿಗೆ ಹಿಂತಿರುಗಿಸಿ.